ಈ ವರ್ಷ ಮೊದಲನೇ ಸಲ ಕ್ಯಾಟಕಿಸಂ ಕ್ಲಾಸ್ (ಕಥೋಲಿಕ ಚರ್ಚಿನಾಗ ಹುಡುಗ್ರ ಭಾನುವಾರದ ಧರ್ಮಪಾಠ) ತಗೊಳ್ಳೋರಿಗೆ: ಹುಡುಗ್ರಿಗೆ ವಿಶ್ವಾಸ ಕಲಿಸೋದು ಹೆಂಗ, ಎಲ್ಲಿಂದ ಶುರು ಮಾಡಬೇಕು

ಜೂನ್ ಬಂತಂದ್ರ ಭಾನುವಾರ ಚರ್ಚಿನ ಪೂಜೆ (ಬಲಿಪೂಜೆ, ಮಾಸ್) ಮುಗಿಯೋ ಮುಂದ ಫಾದರ್ ಅನೌನ್ಸ್ ಮಾಡ್ತಾರ, "ಕ್ಯಾಟಕಿಸಂಗೆ ಟೀಚರ್ಸ್ ಬೇಕಾಗ್ಯಾರ, ಮನಸ್ಸಿದ್ದೋರು ಬಂದು ಹೆಸರ ಕೊಡ್ರಿ" ಅಂತ. ನೀವು ಹೋಗಿ ಹೆಸರ ಕೊಟ್ರಿ, ಕೈಯಾಗ ಒಂದು ಪುಸ್ತಕ, ಒಂದು ಹಾಜರಿ ವಹಿ ಬಂತು, ಮುಂದಿನ ಭಾನುವಾರದಿಂದ 25 ಹುಡುಗ್ರು ನಿಮ್ಮ ಮುಂದ ಕುಂದ್ರತಾವ. ಈಗ ಏನ ಮಾಡಬೇಕು? ನಾನು ಹುಬ್ಬಳ್ಳ್ಯಾಗ ನಮ್ಮ ಚರ್ಚಿನಾಗ 11 ವರ್ಷದಿಂದ ಕ್ಲಾಸ್ ತಗೋತೇನಿ, ಹೆಚ್ಚಾಗಿ ಪ್ರಥಮ ಪರಮಪ್ರಸಾದದ (ಪೂಜ್ಯಾಗ ಅರ್ಪಿಸಿದ ರೊಟ್ಟಿ ಮೊದಲನೇ ಸಲ ಸೇವಿಸೋ) ಹುಡುಗ್ರದು, ಅಂದ್ರ ಮೂರನೇ ನಾಲ್ಕನೇ ಇಯತ್ತೆಯವು. ಇಷ್ಟ ವರ್ಷದಾಗ ನನಗ ತಿಳದಿದ್ದು ಒಂದ ಮಾತು, ಅದನ್ನ ಮೊದಲ ಹೇಳಿಬಿಡ್ತೇನಿ: ಪಾಠ ಪುಸ್ತಕದಿಂದ ಶುರು ಮಾಡಬ್ಯಾಡ್ರಿ, ಈಗಷ್ಟ ಮುಗದ ಪೂಜೆಯಿಂದ ಶುರು ಮಾಡ್ರಿ. ಹುಡುಗ್ರು ಅರ್ಧಾ ತಾಸಿನ ಹಿಂದ ಕೇಳಿದ್ದು, ನೋಡಿದ್ದು, ಮೊಣಕಾಲೂರಿದ್ದು ಎಲ್ಲಾ ಇನ್ನೂ ಮೈಯಾಗ ಇರ್ತೈತಿ, ಅದನ್ನ ಬಿಟ್ಟು "ಪುಟ 14 ತಗೀರಿ" ಅಂದ್ರ ಅದು ಸಾಲಿ ಆಗ್ತೈತಿ, ವಾರದಾಗ ಆರು ದಿನ ಸಾಲಿ ಮಾಡಿ ದಣದ ಹುಡುಗ್ರಿಗೆ ಏಳನೇ ದಿನದ್ದು ಇನ್ನೊಂದು ಸಾಲಿ.

ಕ್ಲಾಸ್ ಶುರು ಆಗೋಕಿಂತ ಮೊದಲು

ಮೊದಲನೇ ಕೆಲಸ ಪಟ್ಟಿ. ಹೆಸರು, ಫೋನ್ ನಂಬರ್ ಅಷ್ಟ ಅಲ್ಲ, ಮೂರು ವಿಷಯ ಕೇಳಿ ಬರಕೊಳ್ರಿ. ಒಂದು, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಎಲ್ಲಿ ಆತು, ಯಾವತ್ತ ಆತು. ನಮ್ಮ ಕಡೆ ರೈಲ್ವೆ ನೌಕರಿಗೆ, ವ್ಯಾಪಾರಕ್ಕ ಅಂತ ಹೊರಗಿಂದ ಬಂದ ಮನೆತನ ಭಾಳ, ಹಂಗಾಗಿ ಒಂದು ಹುಡುಗನ ದೀಕ್ಷಾಸ್ನಾನ ಗೋವಾದಾಗ ಆಗಿರ್ತೈತಿ, ಇನ್ನೊಂದರದು ತಮಿಳುನಾಡಿನ ಅಜ್ಜಿ ಊರಾಗ, ಮತ್ತೊಂದರದು ಮಂಗಳೂರಾಗ. ಪರಮಪ್ರಸಾದಕ್ಕ ಹೆಸರ ಕೊಡೋ ಮುಂದ ಆ ಸರ್ಟಿಫಿಕೇಟ್ ಬೇಕಾಗ್ತೈತಿ, ಫೆಬ್ರುವರಿದಾಗ ಕೇಳಿದ್ರ ಅವ್ವ ಅಪ್ಪ ಫೋನ್ ಹಚ್ಚಿ ಹಚ್ಚಿ ಸುಸ್ತಾಗ್ತಾರ, ಜೂನ್‌ದಾಗ ಕೇಳ್ರಿ, ದೀಪಾವಳಿ ಸೂಟಿಗೆ ಊರಿಗೆ ಹೋದಾಗ ತರ್ತಾರ.

ಎರಡು, ಮನ್ಯಾಗ ಯಾವ ಭಾಷೆ. ಕೊಂಕಣಿ ಮನ್ಯಾಗ ಈ ಕ್ಯಾಟಕಿಸಂ ಕ್ಲಾಸಿಗೆ ದೊತೊರ್ನ್ ಅಂತಾರ, ಹುಡುಗ್ರು ಅಜ್ಜಿ ಜೋಡಿ ಕೊಂಕಣಿ ಪ್ರಾರ್ಥನೆ ಹೇಳ್ತಾವ, ಚರ್ಚಿನಾಗ ಕನ್ನಡ, ಸಾಲ್ಯಾಗ ಇಂಗ್ಲಿಷ್. "ಪರಲೋಕದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆ ಮೂರು ಭಾಷಾದಾಗ ಮೂರು ತುಂಡು ಬರ್ತೈತಿ, ಒಂದೂ ಪೂರ್ತಿ ಬರಂಗಿಲ್ಲ. ಇಂಥಾ ಹುಡುಗ್ರಿಗೆ "ಅದ ಬಿಡು, ಕನ್ನಡದಾಗ ಹೇಳು" ಅಂತ ಅನ್ನಬ್ಯಾಡ್ರಿ. ಅಜ್ಜಿ ಕಲಿಸಿದ್ದು ಮೊದಲ ಪೂರ್ತಿ ಆಗ್ಲಿ, ಕನ್ನಡದ್ದು ಪೂಜ್ಯಾಗ ಎಲ್ಲಾರ ಜೋಡಿ ಹೇಳೋದಕ್ಕ ಕಲೀಲಿ. ಎರಡೂ ಬೇಕು ಅದಕ್ಕ.

ಮೂರು, ಕನ್ನಡ ಓದಾಕ ಬರ್ತೈತೋ ಇಲ್ಲೋ. ಇದನ್ನ ಎಲ್ಲಾರ ಮುಂದ ಓದಿಸಿ ನೋಡಬ್ಯಾಡ್ರಿ, ಪಾಪ ನಾಚಕೊಂಡು ಮುಂದಿನ ವಾರ ಬರೋದ ಬಿಡ್ತಾವ. ಬಾಜೂಕ ಕರದು ಒಂದು ಸಾಲು ಓದಿಸ್ರಿ ಸಾಕು.

ಖೋಲಿ, ಬಾಗಿಲು, ಇಬ್ಬರು ದೊಡ್ಡೋರು

ಇದು ವಿಶ್ವಾಸದ ಪಾಠ ಅಲ್ಲ ಅನಸಬಹುದು ಆದ್ರ ಇದು ಇಲ್ಲದ ಉಳದದ್ದು ಯಾವುದೂ ನಿಲ್ಲಂಗಿಲ್ಲ. ಒಬ್ರ ಟೀಚರ್ ಒಬ್ರ ಹುಡುಗನ ಜೋಡಿ ಬಾಗಿಲ ಹಾಕ್ಕೊಂಡು ಯಾವತ್ತೂ ಇರಬಾರದು, ಎಷ್ಟ ಒಳ್ಳೇರ ಇರ್ರಿ. ಕ್ಲಾಸಿಗೆ ಇಬ್ಬರು ದೊಡ್ಡೋರು ಇರ್ಲಿ, ಬಾಗಿಲು ತೆರದಿರ್ಲಿ. ಹೊಡ್ಯೋದು, ಬೆಂಚ್ ಮ್ಯಾಲ ನಿಲ್ಲಿಸೋದು ಇಲ್ಲವೇ ಇಲ್ಲ. ಫೋಟೋ ತಗದು ಸ್ಟೇಟಸ್ ಹಾಕೋದಿದ್ರ ತಂದೆ ತಾಯಿನ್ನ ಕೇಳ್ರಿ. ಯಾವುದರ ಮಗು ತನಗ ಯಾರೋ ಕೆಟ್ಟದಾಗಿ ಮುಟ್ಟಿದ್ದು ಹೇಳಿದ್ರ "ನೋಡೋಣು, ಯಾರಿಗೂ ಹೇಳಬ್ಯಾಡ" ಅನ್ನೋದು ದೊಡ್ಡ ಪಾಪ, ಕಾನೂನಿನ ಪ್ರಕಾರ ತಪ್ಪೂ ಹೌದು, 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದೋರು ಪೊಲೀಸ್ರಿಗೆ ತಿಳಿಸಲೇಬೇಕು, ಅದು ಯಾರ ಇರ್ಲಿ. ಮಕ್ಕಳ ಸಹಾಯವಾಣಿ 1098 ನಂಬರನ್ನ ಖೋಲಿ ಗ್ವಾಡಿಗೆ ದೊಡ್ಡ ಅಕ್ಷರದಾಗ ಹಚ್ರಿ, ಹುಡುಗ್ರಿಗೆ ಬಾಯಿಪಾಠ ಆಗಂಗ.

ಭಾನುವಾರದ 45 ನಿಮಿಷ

ತಯಾರಿ ಬುಧವಾರನ ಮಾಡ್ರಿ, ಶನಿವಾರ ರಾತ್ರಿ ಅಂತ ಇಟ್ಕೊಂಡ್ರ ಆಗಂಗಿಲ್ಲ. ಮುಂದಿನ ಭಾನುವಾರದ ಶುಭಸಂದೇಶ (ಯೇಸುನ ಬಗ್ಗೆ ಬೈಬಲಿನ ವಾಚನ) ಯಾವುದು ನೋಡ್ರಿ. ನಮ್ಮ ಧರ್ಮಸಭೆದಾಗ (ಕಥೋಲಿಕ ಚರ್ಚಿನಾಗ) ಭಾನುವಾರದ ವಾಚನ ಮೂರು ವರ್ಷಕ್ಕೊಮ್ಮೆ ತಿರಗತಾವ, ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ಯೊವಾನ್ನರದು ನಡುವ ನಡುವ ಬರ್ತೈತಿ. 2025ರ ನವೆಂಬರ್ 30ಕ್ಕ ಆಗಮನ ಕಾಲ (ಕ್ರಿಸ್ಮಸ್ಸಿಗಿಂತ ಮೊದಲಿನ ತಯಾರಿ ಕಾಲ) ಶುರು ಆದಾಗಿಂದ ಮತ್ತಾಯನ ವರ್ಷ ನಡದೈತಿ. ಒಮ್ಮೆ ನೀವು ಮೂರು ವರ್ಷ ನೋಟ್ಸ್ ಬರದಿಟ್ರ ಆಮ್ಯಾಲ ಅದ ನಿಮ್ಮ ಆಸ್ತಿ.

ಓದಿದ ಮ್ಯಾಲ ಒಂದ ಒಂದು ಮಾತು ಆರಿಸ್ರಿ. ಎರಡಲ್ಲ. ಕ್ಲಾಸಿಗೆ ಬಂದ ಕೂಡ್ಲೆ ಒಂದು ಮೇಣದಬತ್ತಿ ಹಚ್ಚಿ, ಶಿಲುಬೆ ಗುರುತು ಹಾಕಿ, ಒಂದು ನಿಮಿಷ ಸುಮ್ಮನ ಕುಂದ್ರಸ್ರಿ (ಎರಡು ನಿಮಿಷ ಅಂದ್ರ ಹಿಂದಿನ ಬೆಂಚಿನಾಗ ಗುದ್ದಾಟ ಶುರು ಆಗ್ತೈತಿ). ಆಮ್ಯಾಲ ಕೇಳ್ರಿ, ಇವತ್ತ ಪೂಜ್ಯಾಗ ಏನ ಕೇಳಿದ್ರಿ? ಮೊದಮೊದಲ ಯಾರೂ ಉತ್ತರ ಕೊಡಂಗಿಲ್ಲ. ಮೂರು ವಾರ ಬಿಡದ ಕೇಳ್ರಿ, ನಾಲ್ಕನೇ ವಾರದಿಂದ ಅವು ಪೂಜ್ಯಾಗ ಕಿವಿಗೊಟ್ಟು ಕೇಳಾಕ ಹತ್ತತಾವ, ಯಾಕಂದ್ರ ಟೀಚರ್ ಕೇಳ್ತಾರ ಅಂತ ಗೊತ್ತಿರ್ತೈತಿ. ಆಮ್ಯಾಲ ಕತಿ ಹೇಳ್ರಿ, ಓದಬ್ಯಾಡ್ರಿ, ಅವರ ಮುಖ ನೋಡಿ ಹೇಳ್ರಿ. ಪುಸ್ತಕದ ಪಾಠ ಅದರ ಹಿಂದ ಬರ್ಲಿ, ಹದಿನೈದು ನಿಮಿಷ ಸಾಕು.

ಒಂದು ಉದಾಹರಣೆ ಕೊಡ್ತೇನಿ. ಬಿತ್ತುವವನ ಸಾಮತಿ (ಯೇಸು ಹೇಳಿದ ನೀತಿ ಕತಿ) ಮತ್ತಾಯನ ವರ್ಷದಾಗ ಜುಲೈ ನಡುವ ಬರ್ತೈತಿ, 2026ರಾಗ ಜುಲೈ 12ಕ್ಕ, ನಮ್ಮ ಕಡೆ ಮುಂಗಾರಿ ಹೆಸರು, ಶೇಂಗಾ ಬಿತ್ತಿ ಮುಗದ ಹೊತ್ತಿಗೆ. 2023ರಾಗ ಇದನ್ನ ಹೇಳೋ ಮುಂದ ಕುಂದಗೋಳ ಕಡೆ ಅಜ್ಜನ ಹೊಲ ಇದ್ದ ಒಬ್ಬ ಹುಡುಗ ಎದ್ದು ನಿಂತ, "ಅಕ್ಕಾರ, ಅಂವ ದಾರಿ ಮ್ಯಾಲ, ಮುಳ್ಳಿನಾಗ ಯಾಕ ಬೀಜ ಒಗದ? ನಮ್ಮಜ್ಜ ಕೂರಿಗಿ ಹೂಡಿ ಬಿತ್ತತಾನ, ಒಂದ್ ಕಾಳೂ ಹೊರಗ ಬೀಳಂಗಿಲ್ಲ" ಅಂದ. ಪ್ರಶ್ನೆ ಭಾಳ ಖರೆ ಇತ್ತು. ಯೇಸು ಇದ್ದ ನಾಡಿನಾಗ ಕೈಯಿಂದ ಚೆಲ್ಲಿ ಬಿತ್ತತಿದ್ರು ಅಂತ ಹೇಳ್ದೆ ಆದ್ರ ಅಷ್ಟಕ್ಕ ಅವನ ಮುಖ ತಿಳಿ ಆಗಲಿಲ್ಲ, ಹಂಗಾಗಿ "ಈ ವಾರ ನೀನೂ ವಿಚಾರ ಮಾಡು, ನಾನೂ ಮಾಡ್ತೇನಿ" ಅಂದು ಬಿಟ್ಟೆ. ಮುಂದಿನ ಭಾನುವಾರ ಅವನ ಬಂದು ಹೇಳ್ದ, "ದೇವ್ರ ಕಡೆ ಬೀಜ ಭಾಳ ಅದಾವ ಕಾಣಸ್ತೈತಿ ಅಕ್ಕಾರ, ಅದಕ್ಕ ಲೆಕ್ಕ ಇಡಂಗಿಲ್ಲ ಅಂವ." ಇದನ್ನ ನಾನು ಯಾವ ಪುಸ್ತಕದಾಗೂ ಓದಿರಲಿಲ್ಲ. ಅದಕ್ಕ ಹೇಳ್ತೇನಿ, ಪ್ರಶ್ನೆ ಬಂದ ಕೂಡ್ಲೆ ಉತ್ತರ ಕೊಟ್ಟು ಮುಗಸಾಕ ಅವಸರ ಮಾಡಬ್ಯಾಡ್ರಿ. ಗೊತ್ತಿಲ್ಲಾಂದ್ರ ಗೊತ್ತಿಲ್ಲ ಅನ್ರಿ, ಫಾದರ್‌ನ ಕೇಳಿ ಬಂದು ಹೇಳ್ರಿ, ಆದ್ರ ಹೇಳಿದಂಗ ಮುಂದಿನ ವಾರ ಮರೀಬ್ಯಾಡ್ರಿ.

ತಪ್ಪಿಸಿಕೊಂಡ ಕುರಿ ಕತಿಗೂ ಅಷ್ಟ, ಹಾವೇರಿ ಗದಗ ಕಡೆ ಬಸ್ಸಿನಾಗ ಹೋಗೋ ಮುಂದ ರಸ್ತೆ ತುಂಬ ಕುರಿ ಹಿಂಡು ನೋಡಿರದ ಹುಡುಗ ನಮ್ಮಲ್ಲಿ ಇಲ್ಲ. ರಾತ್ರಿ ಹೊಲದಾಗ ಕುರಿ ನಿಲ್ಲಿಸಿ ಕಂಬಳಿ ಹೊತ್ಕೊಂಡು ಕಾಯೋ ಕುರಿಗಾರನ್ನ ಅವರ ಕಣ್ಣ ಮುಂದ ತರ್ರಿ, ವಿದೇಶಿ ಚಿತ್ರದಾಗಿನ ಬಿಳೇ ನಿಲುವಂಗಿ ಕುರುಬ ಬ್ಯಾಡ.

ಬಾಯಿಪಾಠದ ಬಗ್ಗೆ

ಈಗೀಗ ಕೆಲವರು ಬಾಯಿಪಾಠ ಬ್ಯಾಡ, ಅರ್ಥ ಆದ್ರ ಸಾಕು ಅಂತಾರ. ನಾನು ಒಪ್ಪಂಗಿಲ್ಲ. ದವಾಖಾನ್ಯಾಗ ಅವ್ವನ ಕಾಟಿನ ಬಾಜೂಕ ಕುಂತಾಗ ಯಾರಿಗೂ ಹೊಸಾ ಮಾತು ಹೊಳಿಯಂಗಿಲ್ಲ, ಸಣ್ಣಂದಿರತ ಬಾಯಿಗೆ ಬಂದದ್ದ ಬರ್ತೈತಿ. ಆದ್ರ ತಿಂಗಳಿಗೆ ಒಂದ ಪ್ರಾರ್ಥನೆ ಸಾಕು. ಶಿಲುಬೆ ಗುರುತು, ಪರಲೋಕದ ತಂದೆ, ನಮೋ ಮರಿಯ, ಮಹಿಮೆಯ ಪ್ರಾರ್ಥನೆ, ಪಶ್ಚಾತ್ತಾಪದ ಪ್ರಾರ್ಥನೆ, ವಿಶ್ವಾಸ ಪ್ರಮಾಣ, ಆಮ್ಯಾಲ 10 ಕಟ್ಟಳೆ, 7 ಸಂಸ್ಕಾರ (ದೀಕ್ಷಾಸ್ನಾನ, ಪರಮಪ್ರಸಾದದಂಥಾ ಪವಿತ್ರ ವಿಧಿ), ಹಿಂಗ ಹೋಗ್ರಿ. ಪ್ರತಿ ಪ್ರಾರ್ಥನ್ಯಾಗ ಒಂದೆರಡು ಗಟ್ಟಿ ಶಬ್ದ ಇರ್ತಾವ, ಅವನ್ನ ಬಿಡಿಸಿ ಹೇಳದಿದ್ರ ಹುಡುಗ್ರು ತಮಗ ತಿಳಿದಂಗ ಅರ್ಥ ಮಾಡ್ಕೋತಾವ. "ವರಪ್ರಸಾದ", "ಪರಮಪ್ರಸಾದ" ಅಂದ ಕೂಡ್ಲೆ ಹುಬ್ಬಳ್ಳಿ ಹುಡುಗ್ರಿಗೆ ಸಿದ್ಧಾರೂಢ ಮಠದ ಪ್ರಸಾದ ನೆನಪಾಗೋದು ಸಹಜ, ಗೆಳ್ಯಾರ ಜೋಡಿ ಜಾತ್ರಿಗೆ ಹೋಗಿರ್ತಾವ. ಒಬ್ಬಾಕಿ ಕೇಳಿದ್ಲು, ನಮ್ಮ ಪ್ರಸಾದ ಯಾಕ ಸಿಹಿ ಇಲ್ಲ ಅಂತ. ಆ ಪ್ರಶ್ನೆಗೆ ನಗಬ್ಯಾಡ್ರಿ. ಪ್ರಸಾದ ಅಂದ್ರ ದುಡಿದು ಗಳಿಸಿದ್ದಲ್ಲ, ಪ್ರೀತಿಯಿಂದ ಕೈಗೆ ಬಂದದ್ದು, ಅಷ್ಟು ಅಕಿಗೆ ಆಗಲೇ ಗೊತ್ತೈತಿ, ಅಲ್ಲಿಂದ ಮುಂದ ನೀವು ಹೇಳ್ರಿ: ಈ ಪರಮಪ್ರಸಾದದಾಗ ನಮಗ ಸಿಗೋದು ಒಂದು ವಸ್ತು ಅಲ್ಲ, ಯೇಸುನ ಸ್ವತಃ.

ಇಲ್ಲೇ ಇನ್ನೊಂದು ಮಾತು. ಬ್ಯಾರೆ ಧರ್ಮದ ದೇವ್ರು, ಪೂಜಿ ಬಗ್ಗೆ ಹಗುರಾಗಿ ಒಂದ ಮಾತೂ ಕ್ಲಾಸಿನಾಗ ಬರಬಾರದು. ನಮ್ಮ ಹುಡುಗ್ರು ಲಿಂಗಾಯತ, ಮುಸಲ್ಮಾನ, ಮರಾಠಾ ಗೆಳ್ಯಾರ ಜೋಡಿ ಒಂದ ರಿಕ್ಷಾದಾಗ ಸಾಲಿಗೆ ಹೋಗ್ತಾವ. ಆ ಧರ್ಮಗಳೊಳಗ ಖರೆ ಇರೋದು, ಪವಿತ್ರ ಇರೋದು ಯಾವುದನ್ನೂ ಧರ್ಮಸಭೆ ತಳ್ಳಿಹಾಕಂಗಿಲ್ಲ ಅಂತ ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕಥೋಲಿಕ ಬಿಷಪ್ಪರ ಸಭೆ) 1965ರಾಗ ಹೇಳೈತಿ. ನೆರೆಮನಿ ಹುಡುಗ ಕ್ರಿಸ್ಮಸ್ ನಾಟಕ ನೋಡಾಕ ಗೆಳ್ಯಾನ ಜೋಡಿ ಬಂದ್ರ ಪ್ರೀತಿಯಿಂದ ಕೂಡಿಸ್ರಿ, ಆದ್ರ ಅವರ ಮನಿಯೋರಿಗೆ ಗೊತ್ತೈತಾ ಅಂತ ಮೊದಲ ಫೋನ್ ಮಾಡಿ ಕೇಳ್ರಿ.

"ಬಾಸೆಲ್ ಮಿಶನ್ ಚರ್ಚಿಗೂ ನಮಗೂ ಏನ ಫರಕು?" ಇದೂ ಬಂದ ಬರ್ತೈತಿ, ಅವರು ಪ್ರೊಟೆಸ್ಟಂಟರು, ಧಾರವಾಡದಾಗ 1837ರಿಂದ ಅದಾರಲ್ಲ. ಅವರೂ ಯೇಸುನ ನಂಬೋರು, ನಮ್ಮ ಅಣ್ಣತಮ್ಮಂದಿರು, ನಮ್ಮಲ್ಲಿ ಪೋಪ್ ಜಗದ್ಗುರುಗಳು, 7 ಸಂಸ್ಕಾರ, ಮಾತೆ ಮರಿಯಳ ಭಕ್ತಿ ಐತಿ ಅಂತ ಇಷ್ಟ ಹೇಳಿದ್ರ ಆ ವಯಸ್ಸಿಗೆ ಸಾಕು. ನೀವು ಮಾತ್ರ ಬೈಬಲ್ ಕೊಳ್ಳೋ ಮುಂದ ನೋಡಿ ಕೊಳ್ರಿ, ನಮ್ಮದರಾಗ 73 ಪುಸ್ತಕ, ಅವರದರಾಗ 66.

ಒಂದು ಭಾನುವಾರ ಪೂರ್ತಿ ಚರ್ಚಿನೊಳಗ

ಜುಲೈ ಆಗಸ್ಟ್‌ದಾಗ ಒಂದು ದಿನ ಖೋಲಿಗೆ ಹೋಗಲೇಬ್ಯಾಡ್ರಿ. ಚರ್ಚಿನ ಬಾಗಿಲದಿಂದ ಬಲಿಪೀಠದ ತನಕ ಹುಡುಗ್ರನ್ನ ನಡಸ್ಕೊಂತ ಹೋಗ್ರಿ. ಬಾಗಿಲಾಗಿನ ತೀರ್ಥದಾಗ ಬೆರಳ ಅದ್ದಿ ಶಿಲುಬೆ ಗುರುತು ಹಾಕೋದು ನಮ್ಮ ದೀಕ್ಷಾಸ್ನಾನದ ನೆನಪಿಗೆ ಅಂತ ಅಲ್ಲೇ ನಿಂತು ಹೇಳ್ರಿ. ಗ್ವಾಡಿ ಮ್ಯಾಲಿನ ಶಿಲುಬೆ ಹಾದಿಯ 14 ಚಿತ್ರ ಎಣಸಾಕ ಹೇಳ್ರಿ. ಪರಮಪ್ರಸಾದ ಇಡೋ, ಕೆಂಪು ದೀಪ ಉರಿಯೋ ಪೆಟ್ಟಿಗಿ ಮುಂದ ಮೊಣಕಾಲೂರಿಸಿ, ಆ ದೀಪ ಯಾಕ ಆರಂಗಿಲ್ಲ ಅಂತ ಸಣ್ಣ ದನಿಯಾಗ ಹೇಳ್ರಿ. ಫಾದರ್ ಒಪ್ಪಿದ್ರ ಪೂಜಾ ವಸ್ತ್ರದ ಕಪಾಟು ತಗದು ತೋರಸ್ರಿ, ಹಸಿರು ಸಾಧಾರಣ ಕಾಲಕ್ಕ, ನೇರಳೆ ಆಗಮನ ಮತ್ತ ತಪಸ್ಸು ಕಾಲಕ್ಕ (ಈಸ್ಟರಿಗಿಂತ ಮೊದಲಿಂದು), ಬಿಳಿ ಕ್ರಿಸ್ಮಸ್ಸು ಪಾಸ್ಖಕ್ಕ (ಈಸ್ಟರಿಗೆ), ಕೆಂಪು ಪವಿತ್ರಾತ್ಮರ ಹಬ್ಬಕ್ಕ ಮತ್ತ ರಕ್ತಸಾಕ್ಷಿಗಳಿಗೆ. ಅವತ್ತಿನಿಂದ ಪ್ರತಿ ಭಾನುವಾರ ಫಾದರ್ ಯಾವ ಬಣ್ಣ ಹಾಕ್ಕೊಂಡ್ ಬರ್ತಾರ ಅಂತ ಹುಡುಗ್ರು ಕುತ್ತಿಗಿ ಉದ್ದ ಮಾಡಿ ನೋಡ್ತಾವ.

ಪಾಪನಿವೇದನೆಗೆ ತಯಾರಿ

ಇದಕ್ಕ ಭಾಳ ಟೈಮ್ ಕೊಡ್ರಿ, ಏನಿಲ್ಲಂದ್ರೂ ಎರಡು ತಿಂಗಳು. ಪ್ರಥಮ ಪರಮಪ್ರಸಾದಕ್ಕಿಂತ ಮೊದಲ ಪಾಪನಿವೇದನೆ (ಗುರುಗಳ ಮುಂದ ತಪ್ಪು ಹೇಳಿಕೊಂಡು ದೇವ್ರ ಕ್ಷಮೆ ಪಡಿಯೋದು) ಆಗಬೇಕು, ಇದು ಧರ್ಮಸಭೆಯ ನಿಯಮ. ಮೊದಲ ಹುಡುಗ್ರಿಗೆ ಇನ್ನೂ ದೊಡ್ಡೋರಾದ ಮ್ಯಾಲ ಪರಮಪ್ರಸಾದ ಕೊಡತಿದ್ರು, 1910ರಾಗ ಪೋಪ್ ಹತ್ತನೇ ಪಯಸ್ ಅವರು ತಿಳುವಳಿಕಿ ಬರೋ ವಯಸ್ಸು, ಅಂದ್ರ ಸುಮಾರು ಏಳು, ಸಾಕು ಅಂದ್ರು.

ಎಂಟೊಂಬತ್ತು ವರ್ಷದ ಹುಡುಗ್ರಿಗೆ ಇದು ಖರೇನ ಅಂಜಿಕಿ. ನಾನು ಸಣ್ಣಾಕಿ ಇದ್ದಾಗ ನನಗ ಕಲಿಸಿದೋರು "ಪಾಪ ಮುಚ್ಚಿಟ್ರ ನರಕ" ಅಂತ ಅಷ್ಟ ಹೇಳಿದ್ರು, ನಾನು ರಾತ್ರಿ ನಿದ್ದಿ ಇಲ್ಲದ ಎಣಿಸ್ಕೊಂತ ಮಲಗಿದ್ದು ಈಗೂ ನೆನಪೈತಿ. ಆ ಅಂಜಿಕಿ ಕಳ್ಯಾಕ ನನಗ ಭಾಳ ವರ್ಷ ಬೇಕಾತು. ಹಂಗಾಗಿ ನಾನು ಲೂಕನ 15ನೇ ಅಧ್ಯಾಯದಿಂದ ಶುರು ಮಾಡ್ತೇನಿ, ತಪ್ಪಿ ಹೋದ ಮಗನ ಕತಿ. ಮಗ ಬಾಯಿಪಾಠ ಮಾಡ್ಕೊಂಡ್ ಬಂದ ಮಾತು ಮುಗಿಸೋದರೊಳಗ ಅಪ್ಪ ಓಡಿ ಬಂದು ಅಪ್ಪಿಕೊಂಡಿರ್ತಾನ. ಅದನ್ನ ಹುಡುಗ್ರ ಕಡಿಂದ ನಾಟಕ ಮಾಡಸ್ರಿ, ಅಪ್ಪ ಆದ ಹುಡುಗ ಖರೇನ ಓಡ್ಲಿ, ಖೋಲಿ ಈ ತುದಿಯಿಂದ ಆ ತುದಿಗೆ.

ಆಮ್ಯಾಲ ಹಂತ ಹಂತವಾಗಿ: ನೆನಪ ಮಾಡ್ಕೊಳ್ಳೋದು, ಮನಸ್ಸಿಗೆ ಕೆಟ್ಟ ಅನ್ನಿಸೋದು, ಇನ್ನ ಹಂಗ ಮಾಡಂಗಿಲ್ಲ ಅಂತ ಗಟ್ಟಿ ಮಾಡೋದು, ಗುರುಗಳ ಮುಂದ ಹೇಳೋದು, ಅವರು ಕೊಟ್ಟ ಪ್ರಾಯಶ್ಚಿತ್ತ ಮಾಡೋದು. ರೆಡಿಮೇಡ್ ಪಾಪದ ಪಟ್ಟಿ ಕೊಡಬ್ಯಾಡ್ರಿ. ಕೊಟ್ರ 25 ಹುಡುಗ್ರೂ "ಸುಳ್ಳು ಹೇಳಿದೆ, ಜಗಳಾಡಿದೆ, ಅವ್ವನ ಮಾತ ಕೇಳಲಿಲ್ಲ" ಇದನ್ನ ಹೇಳಿ ಎದ್ದು ಬರ್ತಾವ. ಪಟ್ಟಿ ಬದಲಿ ಪ್ರಶ್ನೆ ಕೊಡ್ರಿ: ಈ ತಿಂಗಳದಾಗ ನಿನ್ನಿಂದ ಯಾರ ಅತ್ರು? ಯಾರ ಜೋಡಿ ಮಾತ ಬಿಟ್ಟಿ? ಸಿಕ್ಕ ವಸ್ತು ತಿರುಗಿ ಕೊಡದ ಇಟ್ಕೊಂಡಿಯಾ? ಉತ್ತರ ನಿಮಗ ಹೇಳೋದು ಬ್ಯಾಡ, ಬರಸೋದಂತೂ ಬ್ಯಾಡವೇ ಬ್ಯಾಡ. "ನನಗ ಹೇಳಬ್ಯಾಡ, ಯೇಸುಗ ಹೇಳು" ಅನ್ರಿ. ಮತ್ತ ಇದನ್ನ ತಿರುಗಿ ತಿರುಗಿ ಹೇಳ್ರಿ: ಅಲ್ಲಿ ಕೇಳಿದ್ದನ್ನ ಫಾದರ್ ಯಾರಿಗೂ ಹೇಳಂಗಿಲ್ಲ, ಅವ್ವಗೂ ಇಲ್ಲ, ಪೊಲೀಸ್ರಿಗೂ ಇಲ್ಲ, ಹೇಳಿದ್ರ ಧರ್ಮಸಭೆಯಿಂದ ಹೊರಗ ಹಾಕೋ ಅಷ್ಟು ದೊಡ್ಡ ತಪ್ಪು ಅದು. ಆಮ್ಯಾಲ ಮನೆಯೋರಿಗೂ ಹೇಳ್ರಿ, ಮಗು ಎದ್ದು ಬಂದ ಮ್ಯಾಲ "ಏನ ಹೇಳ್ದಿ" ಅಂತ ಕೇಳಬಾರದು, ಪ್ರೀತಿಯಿಂದಾನೂ ಕೇಳಬಾರದು.

ಪರಮಪ್ರಸಾದದ ದಿನ, ಮತ್ತ ಬಿಳೇ ಡ್ರೆಸ್ಸು

"ರೊಟ್ಟಿ" ಅಂದ ಕೂಡ್ಲೆ ನಮ್ಮ ಹುಡುಗ್ರಿಗೆ ಜೋಳದ ರೊಟ್ಟಿನ. ಬಲಿಪೂಜೆಯ ರೊಟ್ಟಿ ಗೋಧಿ ಹಿಟ್ಟು, ನೀರು ಇಷ್ಟರಿಂದ, ಹುಳಿ ಹಾಕದ ಮಾಡಿದ್ದು ಅಂತ ಹೇಳ್ರಿ, ಫಾದರ್ ಕಡಿಂದ ಇನ್ನೂ ಅರ್ಪಿಸದ ರೊಟ್ಟಿ ನಾಲ್ಕು ಇಸ್ಕೊಂಡು ರುಚಿ ತೋರಸ್ರಿ, ಇಲ್ಲಾಂದ್ರ ಆ ದಿನ ನಾಲಿಗಿಗೆ ಅಂಟಿಕೊಂಡು ಗಾಬರಿ ಆಗ್ತಾವ. ಕೈ ಹೆಂಗ ಚಾಚಬೇಕು, "ಆಮೆನ್" ಗಟ್ಟಿಯಾಗಿ ಹೇಳಬೇಕು, ಅಲ್ಲೇ ಸೇವಿಸಬೇಕು. ಒಂದು ತಾಸು ಮೊದಲಿಂದ ಏನೂ ತಿನ್ನಬಾರದು, ನೀರು ಗುಳಿಗಿ ನಡೀತಾವ.

ಡ್ರೆಸ್ಸಿನ ಬಗ್ಗೆ ನಾನು ಗಟ್ಟಿ ಹೇಳ್ತೇನಿ. ಒಂದು ವರ್ಷ ಒಬ್ಬಾಕಿ ಹುಡುಗಿ ಕಡೀ ತಿಂಗಳು ಕ್ಲಾಸಿಗೆ ಬರೋದ ಬಿಟ್ಟಳು, ಮನಿಗೆ ಹೋಗಿ ಕೇಳಿದ್ರ ಫ್ರಾಕಿಗೆ ರೊಕ್ಕ ಇಲ್ಲ, ಅಕಿ ಅವ್ವ ನಾಲ್ಕು ಮನಿ ಕೆಲಸ ಮಾಡ್ತಾಳ, ಉಳದ ಹುಡುಗ್ಯಾರದು ದೊಡ್ಡ ದೊಡ್ಡ ಗೌನ್ ಹೊಲಸಾಕ ಹಾಕ್ಯಾರ. ಯೇಸು ಬರೋ ದಿನ ಒಂದು ಮಗು ಬಟ್ಟಿ ಸಲುವಾಗಿ ಹೊರಗ ಉಳೀಬೇಕಂದ್ರ ನಾವು ವರ್ಷಗಟ್ಟಲೆ ಕಲಿಸಿದ್ದು ಏನು? ಅವತ್ತಿನಿಂದ ಜನವರಿ ಮೀಟಿಂಗಿನಾಗ ಎಲ್ಲಾರ ಒಪ್ಪಿಗಿ ತಗೊಂಡು ಒಂದ ಥಾನ್ ಬಿಳೇ ಬಟ್ಟಿ ತಂದು ಎಲ್ಲಾರಿಗೂ ಒಂದ ನಮೂನಿ ಹೊಲಸತೇವಿ. ನೀವೂ ಮೊದಲನೇ ಮೀಟಿಂಗಿನಾಗನ ಈ ಮಾತ ತಗೀರಿ, ತಡ ಮಾಡಿದ್ರ ಮಂದಿ ದರ್ಜಿಗೆ ಅಡ್ವಾನ್ಸ್ ಕೊಟ್ಟಿರ್ತಾರ.

ಮನಿ

ತಂದೆ ತಾಯಿನ ಮೊದಲನೇ ಗುರುಗಳು, ನಾವು ಅವರಿಗೆ ಸಹಾಯ ಮಾಡೋರು ಅಷ್ಟ. ವಾರದಾಗ 45 ನಿಮಿಷ ನಮ್ಮದು, ಉಳದದ್ದೆಲ್ಲಾ ಅವರದು. ವಾಟ್ಸಾಪ್ ಗ್ರೂಪಿನಾಗ ಉದ್ದ ಉದ್ದ ಮೆಸೇಜ್ ಹಾಕಿದ್ರ ಯಾರೂ ಓದಂಗಿಲ್ಲ, ನಾನು ಭಾನುವಾರ ಸಂಜೀಕ ಅರ್ಧಾ ನಿಮಿಷದ ವಾಯ್ಸ್ ನೋಟ್ ಹಾಕ್ತೇನಿ: ಇವತ್ತ ಈ ಕತಿ ಆಗೈತಿ, ಊಟಕ್ಕ ಕುಂತಾಗ ನಿಮ್ಮ ಮಗನ್ನ ಈ ಒಂದು ಪ್ರಶ್ನೆ ಕೇಳ್ರಿ. ಗಾಡಿ ಹೊಡ್ಯೋ ಅಪ್ಪ, ನೈಟ್ ಡ್ಯೂಟಿ ಅವ್ವ, ಎಲ್ಲಾರೂ ಕೇಳ್ತಾರ ಅದನ್ನ. ಕೆಲವು ಮನ್ಯಾಗ ಒಬ್ರ ಕಥೋಲಿಕರು, ಕೆಲವು ಕಡೆ ಅಜ್ಜಿನ ಜ್ವಾಪಾನ ಮಾಡೋದು, ಅದಕ್ಕ "ನಿಮ್ಮ ಅಪ್ಪನ ಸಹಿ ಮಾಡಿಸ್ಕೊಂಡ್ ಬಾ" ಅನ್ನೋದು ಬಿಟ್ಟು "ಮನಿಯೋರ ಸಹಿ" ಅನ್ರಿ.

ಸಂತರ ಕತಿ ತಿಂಗಳಿಗೊಂದು ಇರ್ಲಿ. ಗೋವಾಕ್ಕ ಹೋದಾಗ ಸಂತ ಫ್ರಾನ್ಸಿಸ್ ಸೇವಿಯರ್ ಅವರ ಪಾರ್ಥಿವ ಶರೀರ ನೋಡಿ ಬಂದ ಹುಡುಗ್ರು ಇರ್ತಾವ, ಅವರ ಕಡಿಂದನ ಹೇಳಸ್ರಿ. ಗೋವಾದಾಗ ಹುಟ್ಟಿ ನಮ್ಮ ಕರಾವಳಿಯಾಗ ಸೇವಾ ಮಾಡಿ ಶ್ರೀಲಂಕಾಕ್ಕ ಹೋದ ಸಂತ ಜೋಸೆಫ್ ವಾಸ್, 2022ರಾಗ ಸಂತರಾದ ತಮಿಳುನಾಡಿನ ದೇವಸಹಾಯಂ, ಕಂಪ್ಯೂಟರ್ ಬಲ್ಲ, 15ನೇ ವಯಸ್ಸಿಗೆ ತೀರಿಕೊಂಡ ಕಾರ್ಲೊ ಅಕ್ಯುಟಿಸ್, ಇವರ ಕತಿನೂ ಹೇಳ್ರಿ, ಕಾರ್ಲೊ ಅವರನ್ನ 2025ರ ಸೆಪ್ಟೆಂಬರ್ 7ಕ್ಕ ಸಂತರಂತ ಸಾರಿದ್ರು. ದೊಡ್ಡ ಹುಡುಗ್ರಿಗೆ ಕಾರ್ಲೊ ಭಾಳ ಸೇರ್ತಾನ.

ಪರಮಪ್ರಸಾದ ಆದ ಮ್ಯಾಲ

ಆ ದಿನದ ಫೋಟೋ, ಕೇಕು ಎಲ್ಲಾ ಮುಗದ ಮುಂದಿನ ಭಾನುವಾರ ಅರ್ಧಾ ಕ್ಲಾಸ್ ಖಾಲಿ ಇರ್ತೈತಿ. ಇದಕ್ಕ ಬೈದು ಉಪಯೋಗಿಲ್ಲ, ಕೆಲಸ ಹಚ್ರಿ. ಒಬ್ಬಂವ ಬಲಿಪೀಠದ ಸೇವಕ, ಒಬ್ಬಾಕಿ ವಿಶ್ವಾಸಿಗಳ ಪ್ರಾರ್ಥನೆ ಓದೋದು, ಒಬ್ಬಂವ ಬಾಗಿಲಾಗ ಹಾಡಿನ ಪುಸ್ತಕ ಕೊಡೋದು, ಒಬ್ಬಾಕಿ ಸಣ್ಣ ಹುಡುಗ್ರಿಗೆ ಶಿಲುಬೆ ಗುರುತು ಕಲಿಸೋದು. ಅಕ್ಟೋಬರ್‌ದಾಗ ಮನಿ ಮನಿ ಜಪಸರ (ರೋಜರಿ) ಇದ್ದಾಗ ಒಂದೊಂದು ಹತ್ತು (ಹತ್ತು ನಮೋ ಮರಿಯ) ಒಬ್ಬೊಬ್ಬರು ನಡಸಲಿ.

ಮತ್ತ ಜೂನ್‌ದಾಗ ಬರಕೊಂಡ ದೀಕ್ಷಾಸ್ನಾನದ ತಾರೀಖು ಹೇಳಿದ್ನಲ್ಲ, ಅದು ಸರ್ಟಿಫಿಕೇಟ್ ಸಲುವಾಗಿ ಅಷ್ಟ ಅಲ್ಲ. ಕ್ಯಾಲೆಂಡರಿನಾಗ ಗುರುತು ಹಾಕ್ರಿ, ಯಾರ ತಾರೀಖು ಯಾವ ವಾರ ಬರ್ತೈತೋ ಆ ಭಾನುವಾರ ಕ್ಲಾಸಿನ ಮೇಣದಬತ್ತಿ ಅವರ ಕಡಿಂದ ಹಚ್ಚಸ್ರಿ. ನಮ್ಮ ಕ್ಲಾಸಿನಾಗ ಒಬ್ಬಂವಗ ತಾರೀಖು ಗೊತ್ತಿರಲಿಲ್ಲ, ಮನಿಯೋರಿಗೂ ನೆನಪಿಲ್ಲ, ಕಡೀಕ ಅವನ ಅಜ್ಜಿ ಟ್ರಂಕಿನ ತಳದಾಗಿನ ಒಂದು ಹಳೇ ಕಾಗದ ಹುಡುಕಿ ತಗದ್ರು, ಆ ಭಾನುವಾರ ಆ ಅಜ್ಜಿನೂ ಅವನ ಜೋಡಿ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಾಗ ಕುಂತಿದ್ರು.